ಸುದ್ದಿಯ ತಲೆಗೆ ಕಟ್ಟಿದ ಊರು

ಮೊದಲೇ ಒಂದು ಮಾತು. ಈ ಬರಹದಲ್ಲಿ ಬರುವ ಊರುಗಳನ್ನು ಬೇಕೆಂದೇ ಕಲಸಿ ಹಾಕಿದ್ದೇನೆ. ನಿಟ್ಟೂರು ಎಂದಲ್ಲಿ ನಿಟ್ಟೂರೇ ಆಗಬೇಕಿಲ್ಲ, ಮೇಗರವಳ್ಳಿ ಎಂದಲ್ಲಿ ಮೇಗರವಳ್ಳಿಯೇ ಆಗಬೇಕಿಲ್ಲ. ಸಾಗರ ಮಾತ್ರ ಸಾಗರವೇ. ನಾನು ಕೂತು ಕೆಲಸ ಮಾಡುವುದು ಅಲ್ಲಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಊರ ಹೆಸರಿನ ವಿಷಯದಲ್ಲಿ ಇಷ್ಟೊಂದು ಜಾಗ್ರತೆ ಯಾಕೆ ಎಂದರೆ, ಅದೇ ಕಥೆ. ಈ ಬುದ್ಧಿ ಎರಡು ತಿಂಗಳು ಮೊದಲೇ ಬಂದಿದ್ದರೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ನಮ್ಮದು ನಾಲ್ಕು ಪುಟದ ಸಂಜೆ ಪತ್ರಿಕೆ. ಸಂಪಾದಕರು ಅದರ ಮಾಲೀಕರೂ ಹೌದು. ನಾನು ಉಪಸಂಪಾದಕಿ. ಅಂದರೆ ಬಂದ ಸುದ್ದಿ ತಿದ್ದುವುದು, ಟೈಪ್ ಮಾಡುವುದು, ತಲೆಬರಹ ಕೊಡುವುದು, ಪುಟ ಕಟ್ಟುವ ಆಪರೇಟರ್ ಜೊತೆ ಜಗಳ ಮಾಡುವುದು. ಮಧ್ಯಾಹ್ನ ಒಂದಕ್ಕೆ ಪುಟ ಮುದ್ರಣಕ್ಕೆ ಹೋಗಬೇಕು. ಹೊಸನಗರ, ತೀರ್ಥಹಳ್ಳಿ ಕಡೆಯ ವರದಿಗಾರರು ಈಗ ಎಲ್ಲವನ್ನೂ ವಾಟ್ಸ್ಆ್ಯಪಿನಲ್ಲೇ ಕಳಿಸುತ್ತಾರೆ. ಆದರೂ ಹಳೆಯ ಬಸ್ ಕವರಿನ ಪದ್ಧತಿ ಪೂರ್ತಿ ಸತ್ತಿಲ್ಲ. ಸಂಘದ ವರದಿ, ಶ್ರದ್ಧಾಂಜಲಿಯ ಫೋಟೊ, ಯಾರದ್ದೋ ದೂರು, ಇವೆಲ್ಲ ಕವರಿನಲ್ಲಿ ಬಸ್ಸು ಹತ್ತುತ್ತವೆ. ಕವರು ಯಾವ ಸ್ಟಾಪಿನಲ್ಲಿ ಹತ್ತಿತು ಎಂದು ಕಂಡಕ್ಟರ್ ಅದರ ಮೂಲೆಯಲ್ಲಿ ಬರೆಯುತ್ತಾರೆ. ನಮಗೆ ಅದೇ ಸುದ್ದಿಯ ಊರು. ಟೈಪ್ ಮಾಡಲು ಕೂತಾಗ ಕಣ್ಣು ಆ ಮೂಲೆಗೆ ಹೋಗುತ್ತದೆ, ಬೆರಳು ಊರ ಹೆಸರು ಹೊಡೆದು ಪಕ್ಕದಲ್ಲಿ ಎರಡು ಚುಕ್ಕೆ ಇಡುತ್ತದೆ, ಆಮೇಲೆ ಸುದ್ದಿ ಶುರು. ಊರಿಲ್ಲದ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬಂದದ್ದೇ ಇಲ್ಲ. ಎಷ್ಟೋ ವರ್ಷದಿಂದ ಈ ಕೆಲಸ ಮಾಡಲು ನನಗೆ ತಲೆ ಬೇಕಾಗಿಲ್ಲ.

ಆ ಕವರು ಬಂದದ್ದು ಒಂದು ಸೋಮವಾರ. ಒಳಗೆ ಒಂದು ಇಲಾಖೆಯ ಕಡತದ ಮೂರು ಹಾಳೆಗಳ ಜೆರಾಕ್ಸ್ ಇತ್ತು. ನಿಟ್ಟೂರಿನಾಚೆಯ ಒಂದು ಹಳ್ಳಕ್ಕೆ ಶಾಲೆ ಮಕ್ಕಳು ನಡೆದು ದಾಟಲು ಕಬ್ಬಿಣದ ಕಾಲುಸಂಕ ಮಂಜೂರಾಗಿತ್ತು. ಕಾಮಗಾರಿ ಮುಗಿದಿದೆ ಎಂಬ ಪ್ರಮಾಣಪತ್ರ, ಅದರ ಜೊತೆಗೆ ನೀಲಿ ಕಂಬಿಯ ಸಂಕದ ಫೋಟೊ. ಇವುಗಳ ಮಧ್ಯೆ ಕೈಯಲ್ಲಿ ಬರೆದ ಚೀಟಿ: ‘ನಿಟ್ಟೂರಿನ ಹಳ್ಳಕ್ಕೆ ಸಂಕ ಆಗಿಲ್ಲ. ಫೋಟೊದಲ್ಲಿರುವುದು ನಾನು ದಿನಾ ದಾಟುವ ಸಂಕ. ಫೋನಿನಲ್ಲಿ ಕಳಿಸಿದರೆ ಗುರುತು ಸಿಗುತ್ತದೆ ಎಂದು ಬಸ್ಸಿಗೆ ಕೊಟ್ಟಿದ್ದೇನೆ. ನನ್ನ ಹೆಸರು ಕೇಳಬೇಡಿ.’

ಕೇಳಲು ಹೆಸರೇ ಇರಲಿಲ್ಲ. ಮರುದಿನ ನಾನೇ ನಿಟ್ಟೂರಿಗೆ ಹೋದೆ. ಅಲ್ಲಿಂದ ಆಟೊ, ಆಮೇಲೆ ಕಾಲುದಾರಿ. ಹಳ್ಳದ ಮೇಲೆ ಅಡಿಕೆ ಮರ ಸೀಳಿದ ಮೂರು ದಬ್ಬೆ, ಹಿಡಿದುಕೊಳ್ಳಲು ಒಂದು ಹಗ್ಗ. ದಡದಲ್ಲಿ ದನ ಹೊಡೆದುಕೊಂಡು ಬಂದ ಹೆಂಗಸಿಗೆ ಫೋಟೊ ತೋರಿಸಿ, ಇದು ಎಲ್ಲಿದೆ ಎಂದು ಕೇಳಿದೆ. ಆಕೆ ಫೋಟೊವನ್ನೂ ನನ್ನನ್ನೂ ನೋಡಿ, “ಇದಾ? ಇಷ್ಟು ಚಂದದ್ದು ನಮಗೆ ಯಾರು ಕೊಡ್ತಾರೆ ಅಮ್ಮಾ?” ಎಂದರು. ನಾನು ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದೆ. ವಾಪಸು ಬಂದು ಆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದೆ. ಅವರು “ಫೈಲ್ ನೋಡಿ ಹೇಳ್ತೀನಿ” ಎಂದವರು ಆಮೇಲೆ ಫೋನ್ ಎತ್ತಲಿಲ್ಲ. ಹಾಗೆಂದೇ ಬರೆದೆ. ಫೋಟೊ ಬೇರೆ ಊರಿನ ಸಂಕದ್ದು ಎಂದು ಬರೆದೆ, ಯಾವ ಊರು ಎಂದು ಬರೆಯಲಿಲ್ಲ. ಕಳಿಸಿದವರ ಬಗ್ಗೆ ಒಂದಕ್ಷರವನ್ನೂ ಹಾಕಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆಮೇಲೆ ಟೈಪ್ ಮಾಡಲು ಕೂತೆ. ಕವರು ಎದುರಿಗಿತ್ತು. ಮೂಲೆಯಲ್ಲಿ ಕಂಡಕ್ಟರ್ ಬರೆದ ಊರಿತ್ತು. ಸಂಜೆ ಪತ್ರಿಕೆಯಲ್ಲಿ ಸುದ್ದಿ ಹೀಗೆ ಶುರುವಾಗಿತ್ತು: ‘ಮೇಗರವಳ್ಳಿ: ನಿಟ್ಟೂರು ಸಮೀಪದ ಹಳ್ಳಕ್ಕೆ ಮಂಜೂರಾಗಿದ್ದ ಕಾಲುಸಂಕ...’

ನನಗೆ ಅದು ಕಂಡದ್ದು ಮರುದಿನ, ಚಹಾ ಕುಡಿಯುತ್ತ ಪತ್ರಿಕೆ ನೋಡುವಾಗ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಅಚ್ಚಾದ ಮಾತಿನ ಬಗ್ಗೆ ಏನು ಹೇಳಬೇಕೋ ತಿಳಿಯದು. ಸಂಕ ನಿಟ್ಟೂರಿನದು, ಕಚೇರಿ ಹೊಸನಗರ ತಾಲ್ಲೂಕಿನದು, ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿಗೆ ಇಲ್ಲೇನು ಕೆಲಸ? ಓದುವವರಿಗೆ ಅದು ತಪ್ಪು ಎನಿಸಬಹುದು. ಆದರೆ ಆ ಕಚೇರಿಯಲ್ಲಿ ಕೂತವರಿಗೆ? ದಿನಾ ಮೇಗರವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು ಅಲ್ಲಿ ಎಷ್ಟು ಜನ ಇದ್ದಾರು?

ವಾರ ಕಳೆಯುವುದರೊಳಗೆ ನೋಟಿಸು ಬಂತು, ಅದೂ ವಾಟ್ಸ್ಆ್ಯಪಿಗೆ, ಪಿಡಿಎಫ್ ರೂಪದಲ್ಲಿ. ಸುಳ್ಳು ಸುದ್ದಿಯಿಂದ ಜನರಲ್ಲಿ ಗೊಂದಲ ಎಬ್ಬಿಸಿದ್ದು ಮತ್ತು ಸರ್ಕಾರಿ ಕಡತದ ಕಳವು, ಇವೆರಡರ ದೂರಿಗೆ ಸಂಬಂಧಿಸಿ ನಾನು ಠಾಣೆಗೆ ಹಾಜರಾಗಬೇಕು. ಬರುವಾಗ ಮೂಲ ಕವರು, ಅದರಲ್ಲಿದ್ದ ಎಲ್ಲ ಕಾಗದ ಮತ್ತು ನನ್ನ ಮೊಬೈಲ್ ತರಬೇಕು. ಕೆಳಗೆ ಸಹಿ ಇತ್ತು, ಮೊಹರು ಅರ್ಧ ಮೂಡಿತ್ತು.

ಸಂಪಾದಕರದ್ದೂ ನನ್ನದೂ ಮನೆಮಾತು ಒಂದೇ. ಆಫೀಸಿನಲ್ಲಿ ನಾವು ಎಲ್ಲರಂತೆಯೇ ಮಾತಾಡುತ್ತೇವೆ. ಮನೆಮಾತು ಹೊರಬಂತೆಂದರೆ ಗಾಬರಿಯಾಗಿದೆ ಎಂದು ಲೆಕ್ಕ.

“ಎಂತದೇ ತಂಗಿ ಇದು?” ಎಂದರು. “ಖರೆ ನೋಟಿಸ್ಸೋ, ಯಾರಾದ್ರೂ ಚೇಷ್ಟೆ ಮಾಡಿದ್ದೋ? ಎಂತ ಮಾಡವು ಹೇಳೇ ಗೊತ್ತಾಗ್ತಿಲ್ಲೆ.”

“ನಂಗೂ ಗೊತ್ತಿಲ್ಲೆ,” ಎಂದೆ.

ಠಾಣೆಗೆ ಫೋನ್ ಮಾಡಿ ಕೇಳಿದೆವು. ಎತ್ತಿದವರು “ಕಳ್ಸಿರ್ಬೇಕು, ಸಾಹೇಬ್ರನ್ನ ಕೇಳ್ಬೇಕು” ಎಂದರು. ಅದೇ ವಾರ ಪತ್ರಿಕೆ ನೋಂದಣಿಯ ಹೊಸ ಕಾಯ್ದೆಯ ಪ್ರಕಾರ ನಮ್ಮ ವಾರ್ಷಿಕ ವಿವರ ಸರಿಯಿಲ್ಲ ಎಂದು ಇನ್ನೊಂದು ಪತ್ರ ಬಂತು. ನಾವು ವಿವರ ತುಂಬಿ ಕಳಿಸಿದ್ದರ ಪ್ರತಿ ನನ್ನ ಬಳಿಯೇ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಹೆದರಿಸುತ್ತಿದ್ದಾರೆ ಎಂದು ಖಚಿತವಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ನಮಗೆ ಅದೂ ಖಚಿತವಿರಲಿಲ್ಲ.

ಸಂಪಾದಕರು ಒಂದು ಉಪಾಯ ತಂದರು. “ಒಂದು ತಿದ್ದುಪಡಿ ಹಾಕನ. ಮೇಗರವಳ್ಳಿ ಹೇಳಿ ಬಂದಿದ್ದನ್ನ ನಿಟ್ಟೂರು ಹೇಳಿ ಓದ್ಕಳವು, ಅಷ್ಟೇಯ.”

ಅದು ನನಗೂ ಸರಿ ಎನಿಸಿತು. ನಾನೇ ಬರೆದೆ, ಆಪರೇಟರ್ ಎರಡನೇ ಪುಟದ ಕೆಳಗೆ ಚೌಕ ಹಾಕಿ ಕೂರಿಸಿದ. ಹನ್ನೆರಡೂವರೆಗೆ ಪ್ರೂಫ್ ನೋಡುವಾಗ ಆ ಚೌಕವೊಂದೇ ಇಡೀ ಪುಟದಲ್ಲಿ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನೆನಪಾಯಿತು. ಮೇಗರವಳ್ಳಿ ಗಮನಿಸದೇ ಇದ್ದವರಿಗೂ ನಾವೇ ಬೆರಳು ಮಾಡಿ ತೋರಿಸುತ್ತಿದ್ದೆವು. ತೆಗೆಸಿದೆ. ಖಾಲಿಯಾದ ಜಾಗಕ್ಕೆ ಉಚಿತ ಕಣ್ಣಿನ ತಪಾಸಣೆ ಶಿಬಿರ ಬಂತು.

ವಕೀಲರ ಹತ್ತಿರ ಹೋದೆವು. ನನಗಿಂತ ಚಿಕ್ಕ ವಯಸ್ಸಿನವರು, ಮಾತು ನೇರ. ನೋಟಿಸನ್ನು ಎರಡು ಸಲ ಓದಿ ನಕ್ಕರು.

“ಅಕ್ಕಾ, ಸುದ್ದಿ ಸುಳ್ಳಾದ್ರೆ ಕಡತ ಕದ್ದಿದ್ದು ಹೆಂಗೆ? ಕಡತ ಕದ್ದಿದ್ದೇ ಆದ್ರೆ ಸುದ್ದಿ ಸುಳ್ಳು ಹೆಂಗೆ? ಎರಡರಲ್ಲಿ ಒಂದು ಇಟ್ಕೊಳಿ ಅಂತ ಕೇಳ್ಬೇಕು ಇವರನ್ನ.”

“ಹಾಗಾದ್ರೆ ನಾವು ಗೆದ್ದಂಗಾ?”

“ಇಲ್ಲ,” ಎಂದರು, ಅಷ್ಟೇ ನೇರವಾಗಿ. “ಕೇಳಕ್ಕೆ ಚೆನ್ನಾಗಿದೆ, ಅಷ್ಟೆ. ಕೇಸು ಹಂಗೆಲ್ಲ ಬಿದ್ದೋಗಲ್ಲ.”

ಆಮೇಲೆ ಒಂದೊಂದಾಗಿ ಬಿಡಿಸಿದರು. ಸಾಕ್ಷಿಯಾಗಿ ಕರೆಯುವಾಗ ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. ಕಾಗದ ಅಥವಾ ಫೋನು ಒಪ್ಪಿಸಿ ಎಂದು ಕೇಳಲು ಅಪರಾಧ ವಿಚಾರಣೆಯ ಹೊಸ ಸಂಹಿತೆಯಲ್ಲಿ ಪೊಲೀಸರಿಗೆ ಅವಕಾಶವಿದೆ, ಆದರೆ ಅದನ್ನು ನ್ಯಾಯಾಲಯದ ಮುಂದೆ ಪ್ರಶ್ನಿಸಬಹುದು. ಸುದ್ದಿ ಕೊಟ್ಟವರ ಹೆಸರು ಹೇಳುವುದಿಲ್ಲ ಎನ್ನಲು ಪತ್ರಕರ್ತರಿಗೆ ಕಾನೂನಿನ ರಕ್ಷಣೆ ಇರುವುದು ಪತ್ರಿಕಾ ಮಂಡಳಿಯ ಮುಂದೆ ಮಾತ್ರ. ಪೊಲೀಸರ ಮುಂದೆ, ನ್ಯಾಯಾಲಯದ ಮುಂದೆ ಹಾಗೊಂದು ಕಲಮು ಇಲ್ಲ. ನಾನು ಇಷ್ಟು ವರ್ಷ ಅದು ಇದೆ ಎಂದೇ ತಿಳಿದಿದ್ದೆ. ಇದೆ ಎಂದು ಒಂದು ಸಲ ಸಂಪಾದಕೀಯದಲ್ಲೂ ಬರೆದಿದ್ದೆ.

“ನಿಮಗೆ ಕಳಿಸಿದವರು ಯಾರು ಅಂತ ಗೊತ್ತಾ?” ಎಂದು ಕೇಳಿದರು.

“ದೇವರಾಣೆಗೂ ಗೊತ್ತಿಲ್ಲ.”

“ಹಂಗಾದ್ರೆ ಸುಲಭ. ಇದ್ದಿದ್ದು ಇದ್ದಂಗೆ ಹೇಳಿ. ಗೊತ್ತಿಲ್ಲ. ಕವರು, ಫೋನಿನ ವಿಷಯ ನಾನು ಕೋರ್ಟಿನಲ್ಲಿ ನೋಡ್ಕೊಳ್ತೀನಿ. ಆದ್ರೆ ನೋಟಿಸು ಬಂದಮೇಲೆ ಯಾವ ಕಾಗದವನ್ನೂ ಹರಿಯೋದು, ಸುಡೋದು ಮಾಡ್ಬೇಡಿ. ಅದೇ ಬೇರೆ ಕೇಸಾಗುತ್ತೆ.”

ಗೊತ್ತಿಲ್ಲದಿರುವುದು ಇಷ್ಟು ಒಳ್ಳೆಯದು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಪೊಲೀಸರು ಬಸ್ ಕಂಡಕ್ಟರನ್ನೂ ಕೇಳಿದ್ದರಂತೆ. “ದಿನಾ ಹತ್ತು ಜನ ಕವರ್ ಕೊಡ್ತಾರೆ ಸಾರ್, ಮುಖ ನೋಡ್ಕೊಂಡು ಕೂರಕ್ಕಾಗುತ್ತಾ?” ಎಂದು ಅವರು ಹೇಳಿ ಬಂದಿದ್ದರು. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗುರುವಾರ ಬೆಳಿಗ್ಗೆ ಹೇಳಿಕೆ ಪಡೆಯಲು ಸಬ್ ಇನ್‌ಸ್ಪೆಕ್ಟರ್ ನನ್ನ ಮನೆಗೆ ಬರುವುದೆಂದು ನಿಶ್ಚಯವಾಯಿತು.

ಬುಧವಾರ ಮಧ್ಯಾಹ್ನ, ಪುಟ ಮುದ್ರಣಕ್ಕೆ ಹೋದ ಮೇಲೆ, ಒಬ್ಬರು ಆಫೀಸಿಗೆ ಬಂದರು. ಗಂಡೋ ಹೆಣ್ಣೋ ಹೇಳುವುದಿಲ್ಲ, ‘ಅವರು’ ಎಂದಿಟ್ಟುಕೊಳ್ಳಿ. ಪುಣ್ಯಸ್ಮರಣೆಯ ಜಾಹೀರಾತು ಕೊಡಬೇಕಿತ್ತು (ಇದನ್ನೂ ಬದಲಿಸಿದ್ದೇನೆ ಎಂದುಕೊಂಡು ಓದಿ). ವಯಸ್ಸಾದ ಹೆಂಗಸೊಬ್ಬರ ಫೋಟೊ, ಕೆಳಗೆ ಅಗಲಿ ಒಂದು ವರ್ಷವಾಯಿತು ಎಂಬ ನಾಲ್ಕು ಸಾಲು. ನಾನು ಫಾರಂನಲ್ಲಿ ಜಾಹೀರಾತು ಕೊಡುವವರ ಹೆಸರು ತುಂಬಿ, ರೂಢಿಯಂತೆ, “ಊರು?” ಎಂದೆ.

“ಊರು ಹಾಕ್ಬೇಡಿ,” ಎಂದರು. “ನೀವು ಊರು ಹಾಕಿದ್ದು ಸಾಕಾಗಿದೆ ನಂಗೆ.”

ಪೆನ್ನು ಅಲ್ಲೇ ನಿಂತಿತು. ಆಪರೇಟರ್ ಊಟಕ್ಕೆ ಹೋಗಿದ್ದ. ಎದ್ದು ಬಾಗಿಲು ಮುಂದೆ ಮಾಡಿದೆ. ಕೂರಿ ಎಂದರೂ ಅವರು ಕೂರಲಿಲ್ಲ.

“ಯಾಕೆ ಬಂದ್ರಿ?” ಎಂದೆ. ಕೇಳಬೇಕಾದದ್ದು ಅದಲ್ಲ, ಕ್ಷಮೆ. ಆದರೆ ಬಾಯಿಂದ ಬಂದದ್ದು ಅದು. “ನಾಳೆ ನಾನು ಗೊತ್ತಿಲ್ಲ ಅಂತ ಹೇಳೋದಿತ್ತು.”

“ನಂಗೇನು ಗೊತ್ತು ನಿಮ್ಮ ನಾಳೆ? ಆಫೀಸಲ್ಲಿ ನಮ್ಮ ಸಾಹೇಬ್ರು ಎಲ್ರ ಮುಂದೆ ಕೇಳಿದ್ರು, ಮೇಗರವಳ್ಳಿ ಕಡೆಯೋರು ಯಾರು ಅಂತ. ನಾನೊಬ್ಳೋ ಒಬ್ನೋ, ಇರೋದೇ ಒಂದು ಜೀವ. ನಂದು ಗುತ್ತಿಗೆ ಕೆಲಸ. ವರ್ಷಕ್ಕೊಂದ್ಸಲ ಅವ್ರು ಸಹಿ ಹಾಕಿದ್ರೆ ಇದೆ, ಇಲ್ದಿದ್ರೆ ಇಲ್ಲ. ಮುಂದಿನ ತಿಂಗಳು ಸಹಿ ಆಗ್ಬೇಕು.”

ಈ ಮಾತಿನ ಒಂದು ಭಾಗ ನನ್ನದು, ಅದು ಯಾವುದು ಎಂದು ಓದುವವರಿಗೆ ಗೊತ್ತಾಗುತ್ತದೆ.

“ತಪ್ಪಾಯ್ತು,” ಎಂದೆ. “ಕೈ ರೂಢಿ. ನೋಡ್ಲಿಲ್ಲ.”

“ನಾನು ಫೋನ್ ಬೇಡ, ಮೇಲ್ ಬೇಡ ಅಂತ ಎಷ್ಟು ಯೋಚ್ನೆ ಮಾಡಿ ಬಸ್ಸಿಗೆ ಕೊಟ್ಟೆ. ನೀವು ಮೊದ್ಲ ಪದದಲ್ಲೇ ಹೇಳ್ಬಿಟ್ರಿ.” ಅವರ ಧ್ವನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. “ಅವ್ರ ಹತ್ರ ಅನುಮಾನ ಮಾತ್ರ ಇದೆ. ಆ ಚೀಟಿ ನನ್ನ ಕೈಬರಹ, ನೋಡಿದ್ರೆ ಆಫೀಸಲ್ಲಿ ಯಾರಾದ್ರೂ ಹೇಳ್ತಾರೆ. ಅದನ್ನ ನನ್ನೆದುರಿಗೆ ಸುಟ್ಟುಬಿಡಿ.”

ಚೀಟಿ ನನ್ನ ಡ್ರಾಯರಿನಲ್ಲಿತ್ತು. ಕೈ ಅತ್ತ ಹೋಗಿಯೂ ಹೋಯಿತು. ಅತ್ತ ದರಿ, ಇತ್ತ ಪುಲಿ. ಸುಟ್ಟರೆ ಸಾಕ್ಷ್ಯ ನಾಶ, ಕೊಟ್ಟರೆ ನಂಬಿಕೆ ನಾಶ, ಸುಮ್ಮನೆ ಇಟ್ಟುಕೊಂಡು, ಪೊಲೀಸರು ಶೋಧನೆಗೆ ಬಂದು ಒಯ್ದರೆ ಏನು ಮಾಡುವುದು? ವಕೀಲರಿಗೆ ಫೋನ್ ಮಾಡೋಣವೆಂದರೆ ಏನೆಂದು ಮಾಡಲಿ, ‘ಬೆಳಿಗ್ಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ’ ಎಂದೇ?

“ಸುಡಲ್ಲ,” ಎಂದೆ ಕೊನೆಗೆ. “ಕೊಡೋದೂ ಇಲ್ಲ.”

“ಅದ್ಯಾವ ಲೆಕ್ಕ?”

“ನಂಗೂ ಸರಿಯಾಗಿ ಗೊತ್ತಿಲ್ಲ.”

ಅವರು ಫೋಟೊ ಮೇಜಿನ ಮೇಲೆ ಬಿಟ್ಟು ಹೊರಟರು. ಬಾಗಿಲ ಹತ್ತಿರ ನಿಂತು, “ನಂಬಿ ಕೊಟ್ಟಿದ್ದೇ ತಪ್ಪಾಯ್ತು,” ಎಂದರು.

ನಾನು ಮೊದಲು ಮಾಡಿದ ಕೆಲಸ, ಕವರು ಮತ್ತು ಚೀಟಿಯನ್ನು ಇನ್ನೊಂದು ದೊಡ್ಡ ಕವರಿಗೆ ಹಾಕಿ, ಅಂಟಿಸಿ, ಅಂಟಿದ ಕಡೆಯೆಲ್ಲ ಸಹಿ ಹಾಕಿದ್ದು. ವಕೀಲರ ಬಳಿಗೆ ನಡೆದೇ ಹೋದೆ. ಎಲ್ಲವನ್ನೂ ಹೇಳಿದೆ, ಹೆಸರೊಂದು ಬಿಟ್ಟು. ಅವರು ತಲೆ ಚಚ್ಚಿಕೊಂಡರು. ಅವರು ಬಂದದ್ದಕ್ಕಲ್ಲ, ನನಗೆ ಗೊತ್ತಾಗಿಬಿಟ್ಟದ್ದಕ್ಕೆ. ಆಮೇಲೆ, ಲಕೋಟೆಯನ್ನು ಮುಚ್ಚಿದಂತೆಯೇ ನ್ಯಾಯಾಧೀಶರ ಮುಂದಿಟ್ಟು, ಇದನ್ನು ತೆರೆಯಬೇಕೋ ಬೇಡವೋ ತಾವೇ ತೀರ್ಮಾನಿಸಿ ಎಂದು ಅರ್ಜಿ ಹಾಕೋಣ ಎಂದರು. ತೆರೆಯಿರಿ ಎಂದರೆ? ಮೇಲಿನ ಕೋರ್ಟಿಗೆ ಹೋಗೋಣ. ಅಲ್ಲೂ ಹಾಗೇ ಎಂದರೆ? “ಅಕ್ಕಾ, ಒಂದು ಹಳ್ಳ ದಾಟಿ ಆಮೇಲೆ ಇನ್ನೊಂದು ಹಳ್ಳ ನೋಡೋಣ,” ಎಂದರು.

“ನಾಳೆ ಗೊತ್ತಿಲ್ಲ ಅಂತ ಹೇಳ್ಲಾ?”

ಅವರು ಫೈಲು ಮಡಚಿದರು. “ಸುಳ್ಳು ಹೇಳಿ ಅಂತ ವಕೀಲ ಹೇಳಕ್ಕಾಗಲ್ಲ. ಹೇಳ್ತೀನಿ ಅಂತ ನೀವಂದ್ರೆ ಕೇಳಿಸ್ಕೊಳ್ಳೋದೂ ಇಲ್ಲ.”

ಗುರುವಾರ ಹತ್ತು ಗಂಟೆಗೆ ಸಬ್ ಇನ್‌ಸ್ಪೆಕ್ಟರ್ ಬಂದರು, ಜೊತೆಗೆ ಮಹಿಳಾ ಪೇದೆ, ಲ್ಯಾಪ್‌ಟಾಪ್. ಸಂಪಾದಕರು ಅದಕ್ಕೂ ಮೊದಲೇ ಬಂದು ಕೂತಿದ್ದರು. ಹಿಂದಿನ ದಿನ ಕ್ಷಮೆ ಕೇಳಿ ಮುಗಿಸೋಣವೇ ಎಂದು ಅರ್ಧ ತಾಸು ವಾದಿಸಿದವರು, ಕೊನೆಗೆ “ನೋಟಿಸು ನಿನ್ನ ಹೆಸರಿಗೆ ಬೈಂದು. ಪತ್ರಿಕೆ ನಂದು. ಆನೂ ಬತ್ತಿ, ಪಕ್ಕಕ್ಕೆ ಕೂರ್ತಿ” ಎಂದಿದ್ದರು. ಹೇಳಿದಂತೆಯೇ ಬಂದು ನನ್ನ ಪಕ್ಕದಲ್ಲಿ ಕೂತರು. ಅವರ ಕಾಲು ಮಾತ್ರ ಕುಣಿಯುತ್ತಲೇ ಇತ್ತು.

ಸಬ್ ಇನ್‌ಸ್ಪೆಕ್ಟರ್ ಒರಟರಲ್ಲ. “ನಾನೂ ನಿಮ್ ಪೇಪರ್ ಓದ್ತೀನಿ ಮೇಡಂ,” ಎಂದರು. ಹೆಸರು, ವಯಸ್ಸು, ಕೆಲಸ. ಸುದ್ದಿ ಯಾರು ಬರೆದದ್ದು? ನಾನು. ಸ್ಥಳಕ್ಕೆ ಹೋಗಿದ್ದಿರಾ? ಹೋಗಿದ್ದೆ, ಫೋಟೊ ಇವೆ. ಮೇಗರವಳ್ಳಿ ಎಂದು ಯಾಕೆ ಹಾಕಿದಿರಿ? ರೂಢಿಯಿಂದ, ಕವರಿನ ಮೇಲಿತ್ತು. ಅವರು ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು, ನನಗೆ ಕಸಿದುಕೊಂಡು ನಾನೇ ಹೊಡೆಯೋಣ ಎನಿಸುತ್ತಿತ್ತು. ಮೊಬೈಲ್ ಮತ್ತು ಕವರು? ನ್ಯಾಯಾಲಯದಲ್ಲಿ ಅರ್ಜಿ ಹಾಕುತ್ತಿದ್ದೇವೆ, ಅಲ್ಲಿ ಹೇಳಿದಂತೆ.

“ಕವರು ಕಳ್ಸಿದ್ದು ಯಾರು?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, “ಗೊತ್ತಿಲ್ಲ ಅಂತ ಬರ್ಕೊಳ್ಲಾ ಮೇಡಂ?” ಎಂದರು.

ಅವರು ನನಗೆ ಬಾಗಿಲು ತೆರೆದು ಕೊಟ್ಟಿದ್ದರು. ಅದು ದಯೆಯೋ, ಬೇಗ ಮುಗಿಸುವ ಆತುರವೋ ಹೇಳಲಾರೆ. ಹೂಂ ಅಂದರೆ ಮುಗಿಯಿತು. ಆದರೆ ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಇಷ್ಟು: ನನಗೆ ಗೊತ್ತಿಲ್ಲ ಎಂದಾದರೆ, ಇವರು ಗೊತ್ತಿರುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಹುಡುಕಲು ಇರುವ ದಾರಿಯೂ ಒಂದೇ, ಮೇಗರವಳ್ಳಿಯದು, ಅದನ್ನು ತೋರಿಸಿದವಳು ನಾನೇ. ನನಗೆ ಗೊತ್ತಿದೆ ಎಂದರೆ ನನ್ನ ಬಾಗಿಲಲ್ಲೇ ನಿಲ್ಲುತ್ತಾರೆ. ಇದು ಸರಿಯಾದ ಲೆಕ್ಕವೇ ಎಂದು ಯೋಚಿಸಲು ಸಮಯವಿರಲಿಲ್ಲ. ಜೊತೆಗೆ, ನೋಡದೆ ಒಂದು ಪದ ಹೊಡೆದು ಇಷ್ಟು ಅನುಭವಿಸಿದ್ದೆ. ನೋಡಿ ನೋಡಿ ಒಂದು ಸುಳ್ಳು ಪದ ನನ್ನ ಹೆಸರಿನಲ್ಲಿ ಟೈಪಾಗುವುದು ಬೇಡವೆನಿಸಿತು.

“ಬೇಡ,” ಎಂದೆ. “ಗೊತ್ತಿದೆ, ಹೇಳೋದಿಲ್ಲ ಅಂತ ಬರೀರಿ.”

ಪಕ್ಕದಲ್ಲಿ ಕುಣಿಯುತ್ತಿದ್ದ ಕಾಲು ನಿಂತಿತು.

“ಮೇಡಂ, ಯೋಚ್ನೆ ಮಾಡಿ. ಗೊತ್ತಿಲ್ಲ ಅಂದ್ರೆ ನಾನು ಎದ್ದು ಹೋಗ್ತೀನಿ. ಗೊತ್ತಿದೆ ಅಂದ್ರೆ ಮತ್ತೆ ಮತ್ತೆ ಬರ್ಬೇಕಾಗುತ್ತೆ.”

“ಬನ್ನಿ. ಕಾಫಿ ಕೊಡ್ತೀನಿ. ಹೆಸರು ಕೊಡಲ್ಲ.”

ಧೈರ್ಯದ ಮಾತಿನಂತೆ ಕೇಳಿಸುತ್ತದೆ. ನಿಜವಾಗಿ ನಾನು ಅವರ ಮುಖ ನೋಡದೆ ಲ್ಯಾಪ್‌ಟಾಪನ್ನೇ ನೋಡುತ್ತ ಹೇಳಿದ್ದೆ. ಅವರು ನಿಧಾನಕ್ಕೆ ಟೈಪ್ ಮಾಡಿದರು. ನಾನು ಪರದೆಗೆ ಬಗ್ಗಿ ಓದಿದೆ, ‘ಹೇಳುವುದಿಲ್ಲ’ದ ಮುಂದೆ ಪೂರ್ಣವಿರಾಮ ಹಾಕಿಸಿದೆ. ಸಹಿ ಎಲ್ಲಿ ಮಾಡಬೇಕು ಎಂದರೆ, ಪೊಲೀಸರಿಗೆ ಕೊಡುವ ಈ ಹೇಳಿಕೆಗೆ ಸಹಿಯೇ ಇಲ್ಲವಂತೆ. ಬದುಕಿನಲ್ಲಿ ಒಂದು ಮಾತು ಇಷ್ಟು ಗಟ್ಟಿಯಾಗಿ ಹೇಳಿದ್ದೆ, ಅದಕ್ಕೆ ಸಹಿ ಮಾಡುವ ಹಾಗೂ ಇರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಆಮೇಲೆ ಎರಡು ಸಲ ಬಂದರು. ಎರಡು ಸಲವೂ ಕಾಫಿ ಕುಡಿದರು. ಲಕೋಟೆ ನ್ಯಾಯಾಲಯದಲ್ಲಿದೆ, ತೆರೆದಿಲ್ಲ, ದಿನಾಂಕದ ಮೇಲೆ ದಿನಾಂಕ ಬೀಳುತ್ತಿದೆ. ನೋಂದಣಿಯವರ ಪತ್ರಕ್ಕೆ ಕೊಟ್ಟ ಉತ್ತರಕ್ಕೆ ಉತ್ತರವಿಲ್ಲ. ಸರ್ಕಾರಿ ಜಾಹೀರಾತು ನಿಂತಿದೆ, ಯಾಕೆಂದು ಯಾರೂ ಹೇಳುವುದಿಲ್ಲ. ನಿಟ್ಟೂರಿನ ಹಳ್ಳದ ಬಳಿ ಕಬ್ಬಿಣ ತಂದು ಇಳಿಸಿದ್ದಾರಂತೆ. ಸುದ್ದಿ ಸುಳ್ಳಾಗಿದ್ದರೆ, ಮುಗಿದ ಸಂಕಕ್ಕೆ ಮತ್ತೆ ಕಬ್ಬಿಣ ಯಾಕೆ ಎಂದು ಕೇಳಲು ಹೋಗಲಿಲ್ಲ. ಮಕ್ಕಳು ದಾಟಲಿ. ನಾನು ಮಾಡಿದ್ದರಿಂದ ಕವರು ಕಳಿಸಿದವರಿಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದೂ ತಿಳಿದಿಲ್ಲ. ಗುತ್ತಿಗೆಗೆ ಸಹಿ ಬಿತ್ತೇ ಎಂದು ವಿಚಾರಿಸುವ ಹಾಗಿಲ್ಲ. ನಾನು ಯಾರ ಬಗ್ಗೆ ವಿಚಾರಿಸುತ್ತೇನೋ ಕಳಿಸಿದವರು ಅವರೇ ಎಂದಾಗುತ್ತದೆ. ಒಳ್ಳೆಯದು ಮಾಡಬೇಕೆಂದರೆ ದೂರವೇ ಇರಬೇಕು.

ಆ ಪುಣ್ಯಸ್ಮರಣೆಯ ದಿನ ಬಂತು. ಜಾಹೀರಾತನ್ನು ನಾನೇ ಟೈಪ್ ಮಾಡಿದೆ. ಹೆಂಗಸಿನ ಹೆಸರು, ನಾಲ್ಕು ಸಾಲು, ದುಃಖತಪ್ತ ಕುಟುಂಬ ವರ್ಗ. ಅದರ ಮುಂದೆ ಬೆರಳು ತಾನಾಗಿ ಊರಿನ ಮೊದಲ ಅಕ್ಷರ ಹೊಡೆಯಿತು. ಅಳಿಸಿದೆ. ಪುಟ ಕಟ್ಟುವಾಗ ಆಪರೇಟರ್ “ಅಕ್ಕಾ, ಊರು ಬಿಟ್ಟೋಗಿದೆ” ಎಂದ. “ನೀನು ನಿನ್ನ ಕೆಲಸ ನೋಡು,” ಎಂದೆ. ಪುಟ ಹೋಗುವವರೆಗೆ ಪಕ್ಕದಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಚಂದಾದಾರರೊಬ್ಬರು ಫೋನ್ ಮಾಡಿದರು. ಪತ್ರಿಕೆಯ ಒಂದೊಂದು ತಪ್ಪನ್ನೂ ಹಿಡಿದು ಹೇಳುವುದು ಅವರ ನಿತ್ಯದ ಪೂಜೆ.

“ಏನ್ರೀ, ನಿನ್ನೆ ಪುಣ್ಯಸ್ಮರಣೆ ಜಾಹೀರಾತಿಗೆ ಊರೇ ಹಾಕಿಲ್ವಲ್ಲ? ಮರ್ತ್ರಾ?”

“ಇಲ್ಲ ಮಾರಾಯ್ರೆ,” ಎಂದೆ. “ಈ ಸಲ ನೆನಪಿತ್ತು.”